ಮೊದಲು ಹೆಸರು, ಆಮೇಲೆ ನೆಂಟಸ್ತಿಕೆ

ಒಂದೇ ಒಂದು ಸಾಲು. ಅದೂ ನಿಝಾಮನೇ ಬರೆದದ್ದು. ಬೆಳಿಗ್ಗೆಯಿಂದ ಅದೇ ಸಾಲು ಅವನ ಕಂಪ್ಯೂಟರನ್ನು ಹಿಡಿದು ಕೂತಿತ್ತು.

ಗುರುವಾಯನಕೆರೆಯ ಮದುವೆ ಮಂಟಪದ ಮಾಲಕಿ ಕಾಂತಿಯಕ್ಕನ ಹೊಸ ಮನೆಯ ಗೃಹಪ್ರವೇಶ. ‘ಬಾಬುವಿನ ಭಾವನ ತಂಗಿ’ ಎಂದು ಬಾಯಿಗೆ ಬಂದಂತೆ ಟೈಪ್ ಮಾಡಿದರೆ ಸಾಕು, ಯಾರಿಗೆ ಯಾರು ಎಂದು ಅರ್ಥಮಾಡಿಕೊಂಡು ಆಮಂತ್ರಣದ ಕವರು ಪ್ರಿಂಟ್ ಮಾಡುವ ಪ್ರೋಗ್ರಾಮ್ ನಿಝಾಮನದು. ಸಂಜೆ ನಾಲ್ಕಕ್ಕೆ ಅಕ್ಕನ ಮುಂದೆ ಅದು ಓಡಿದರೆ ಇನ್ನು ಮಂಟಪದ ಕವರಿನ ಕೆಲಸವೆಲ್ಲ ಅವನಿಗೆ. ಓಡದಿದ್ದರೆ ಸೌದಿಯ ದಮ್ಮಾಮಿನಲ್ಲಿ ಮಾವನ ಕಿರಾಣಿ ಅಂಗಡಿ, ವೀಸಾ ತಯಾರಾಗಿತ್ತು. ಅವನಿಗೋ ಊರು ಬಿಡಲು ಸುತರಾಂ ಮನಸ್ಸಿರಲಿಲ್ಲ.

ಆ ಸಾಲಿನಲ್ಲಿದ್ದ ನಿಯಮ ಇಷ್ಟೇ: ಪಟ್ಟಿಯ ಒಬ್ಬ ಆಳು ಎಂದರೆ ‘ಇನ್ನೊಂದು ಆಳಿನ ನೆಂಟ’, ಇಲ್ಲವೇ ಬರೀ ಹೆಸರು. ಆಳನ್ನು ಹುಡುಕಲು ಹೊರಟ ಕಂಪ್ಯೂಟರು ಮೊದಲು ಆಳನ್ನೇ ಹುಡುಕಬೇಕು. ಆ ಆಳಿಗೂ ಮೊದಲು ಇನ್ನೊಂದು ಆಳು. ಒಂದಕ್ಷರವನ್ನೂ ಓದದೆ ಅದು ಗಾಣದೆತ್ತಿನಂತೆ ಸುತ್ತಿ ಸುತ್ತಿ ಸುಸ್ತಾಗಿ ಬೀಳುತ್ತಿತ್ತು.

“ರ‍್ಯಾಮ್ ಸಾಲ್ದು ಮಾರಾಯ,” ಎಂದ ಕೆಳಗಿನ ಮೊಬೈಲ್ ಅಂಗಡಿಯ ಇರ್ಷಾದ್. ಅದನ್ನೂ ಹಾಕಿಸಿದ್ದಾಯಿತು. ಈಗ ಇನ್ನೂ ಹೆಚ್ಚು ಹೊತ್ತು ಸುತ್ತಿ ಬಿತ್ತು.

“ಬಿಸಿ ಆದದ್ದು. ಫ್ಯಾನ್ ಇಡುವ,” ಎಂದಳು ಝೆರಾಕ್ಸ್ ಅಂಗಡಿಯ ಜ್ಯೋತ್ಸ್ನಾ. ಫ್ಯಾನಿನ ಗಾಳಿಗೆ ಕಾಂತಿಯಕ್ಕನ ನೆಂಟರ ಪಟ್ಟಿ ಕಿಟಕಿಯಿಂದ ಹಾರಿ, ಮೂಡುಬಿದಿರೆಯ ಬಸ್ಸು ಹತ್ತಿ ಹೋಯಿತು.

ಊಟ ತಂದ ತಾಯಿ ನಫೀಸಮ್ಮ ಎಲ್ಲ ಕೇಳಿ, “ಮೊದ್ಲು ಹೆಸ್ರು ಹೇಳು ಮೋನೆ. ನೆಂಟಸ್ತಿಕೆ ಆಮೇಲೆ ಎಷ್ಟು ಬೇಕಾದ್ರೂ ಸೇರಿಸು,” ಎಂದರು.

ನಿಝಾಮ್ ಹಣೆ ಚಚ್ಚಿಕೊಂಡ. ಮೊದಲು ಒಂದು ಹೆಸರು, ಅದರ ಬೆನ್ನಿಗೆ ನೆಂಟಸ್ತಿಕೆಗಳ ಸಾಲು ಎಂದು ನಿಯಮವನ್ನು ತಿದ್ದಿದ. ಪ್ರೋಗ್ರಾಮ್ ಓಡಿತು. ಅವನ ಕಣ್ಣಲ್ಲಿ ನೀರೇ ಬಂತು.

ನಾಲ್ಕಕ್ಕೆ ಕಾಂತಿಯಕ್ಕ ಬಂದರು. ಪಟ್ಟಿ ಹೋದದ್ದಕ್ಕೆ ಬಯ್ದು, ಬಾಯಲ್ಲೇ ಹೇಳತೊಡಗಿದರು. “ಬರಿ. ನಮ್ಮವರ ಅಣ್ಣ.”

“ಮೊದ್ಲು ಹೆಸ್ರು ಬೇಕು ಅಕ್ಕಾ. ನಿಮ್ಮವರ ಹೆಸರೇನು?”

“ಗಂಡನ ಹೆಸ್ರು ಬಾಯಲ್ಲಿ ಹೇಳ್ಲಿಕ್ಕುಂಟಾ? ಆಯುಷ್ಯ ಕಮ್ಮಿ ಆಗ್ತದೆ!”

ನಿಝಾಮ್ ಸೋಲಲಿಲ್ಲ. ಅಕ್ಕನ ಹೆಸರು ಗೊತ್ತುಂಟಲ್ಲ! ‘ಕಾಂತಿಯ ಗಂಡನ ಅಣ್ಣ’ ಎಂದು ಹೊಡೆದ. ಅದನ್ನೇ ವಿಳಾಸವಾಗಿ ಹೊತ್ತು ಕವರು ಬಂತು. ಕಾಂತಿಯ ಗಂಡನ ಅತ್ತಿಗೆ, ಕಾಂತಿಯ ಗಂಡನ ಸೋದರಮಾವ, ಹೀಗೆ ಇನ್ನೂರು ಕವರು ಸರಸರ ಬಂದವು. ಅಕ್ಕನಿಗೆ ಖುಷಿಯೋ ಖುಷಿ. “ಕೆಲ್ಸ ನಿಂಗೇ ಕೊಡ್ತೇನೆ,” ಎಂದರು.

ಅಷ್ಟರಲ್ಲಿ ಅವರನ್ನು ಕರೆದುಕೊಂಡು ಹೋಗಲು ಗಂಡ ಬಂದರು, ಅಣ್ಣು ಎಂದು ಅವರ ಹೆಸರು. ಒಂದು ಕವರು ಓದಿದರು. ಇನ್ನೊಂದು ಓದಿದರು. ಮುಖ ಕೆಂಪಾಯಿತು.

“ನನ್ನ ಅಣ್ಣನಿಗೆ ಕಾಂತಿಯ ಗಂಡನ ಅಣ್ಣ ಅಂತ ಕಾಗದವಾ? ನಂಗೆ ಹೆಸ್ರಿಲ್ವಾ? ನಡಿ ಕಾಂತಿ, ಕವರು ಕೈಯಲ್ಲೇ ಬರೆಯುವ!”

ಮೆಟ್ಟಿಲಿಳಿಯುವ ಸದ್ದು ನಿಲ್ಲುವ ಮೊದಲೇ ದಮ್ಮಾಮಿನಿಂದ ಮಾವ ಮಹಮ್ಮದ್ ಕುಂಞಿಯ ಫೋನು.

“ಬೇಗ ಬಾ. ಇಲ್ಲಿ ಎಲ್ರಿಗೂ ಹೇಳಿದ್ದೇನೆ, ಕುಂಞಿಯ ಅಕ್ಕನ ಮಗ ಬರ್ತಾನೆ ಅಂತ.”

“ನನ್ನ ಹೆಸ್ರು ಹೇಳಿದ್ದೀರಾ ಮಾವ?”

“ಅದೆಲ್ಲ ಯಾಕೆ ಮಾರಾಯ? ಅಷ್ಟು ಹೇಳಿದ್ರೆ ಸಾಕು!”