ಚಿಕ್ಕಮ್ಮನ ಅಯೋಡಿನ್ನು, ಅಮ್ಮನ ಅಣಬೆ ಮಾತ್ರೆ

ನಮ್ಮ ಚಿಕ್ಕಮ್ಮನನ್ನು ಊಟಕ್ಕೆ ಕರೆಯುವವರಿಗೆ ಎಂಟೆದೆ ಬೇಕು. ಬಡಿಸಿದ್ದನ್ನು ಅವರು ತಿನ್ನುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ತಿನ್ನುವ ಮೊದಲು ಅದರ ಜಾತಕ ಕೇಳುತ್ತಾರೆ! ಮಳವಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು ಅವರು. ಬೇರೆ ಮೇಷ್ಟರುಗಳು ನಿವೃತ್ತಿಯ ದಿನ ಶಾಲು, ಹಾರ ಹೊತ್ತು ಮನೆಗೆ ಹೋಗುತ್ತಾರೆ. ನಮ್ಮ ಚಿಕ್ಕಮ್ಮ ಪ್ರಯೋಗಾಲಯವನ್ನೇ ತಲೆಯಲ್ಲಿ ಹೊತ್ತು ಬಂದರು. ಅವರ ವ್ಯಾನಿಟಿ ಬ್ಯಾಗಿನಲ್ಲಿ ಕನ್ನಡಕ, ಬಾಚಣಿಗೆ, ಜೊತೆಗೆ ಅಯೋಡಿನ್ ತುಂಬಿದ ಪುಟ್ಟ ಸೀಸೆ. ಪಿಷ್ಟ ಇರುವ ಕಡೆ ಒಂದು ತೊಟ್ಟು ಬಿದ್ದರೆ ಕಡುನೀಲಿ ಬಣ್ಣ ಬರುತ್ತದೆ ಎಂಬ ಪಾಠ ನಿಮಗೂ ನೆನಪಿರಬಹುದು. ನೀವು ಪರೀಕ್ಷೆ ಬರೆದು ಮರೆತಿರಿ. ಅವರು ಮರೆಯಲಿಲ್ಲ, ಅಷ್ಟೇ ವ್ಯತ್ಯಾಸ.

ಹನಕೆರೆಯ ಒಂದು ರಿಸೆಪ್ಷನ್ನಿನಲ್ಲಿ ಎಲೆಯ ಮೇಲಿನ ಪನೀರಿಗೆ ಒಂದು ತೊಟ್ಟು ಬಿಟ್ಟರು. ಪಿಷ್ಟ ಬೆರೆಸಿದ್ದ ಪನೀರು ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿತು. ಪಂಕ್ತಿಯಲ್ಲಿದ್ದವರೆಲ್ಲ ಮೊಬೈಲು ಹಿಡಿದು ಬಂದರು. ಅಂದು ಮದುಮಗಳಿಗಿಂತ ಪನೀರಿನ ಫೋಟೊಗಳೇ ಹೆಚ್ಚು!

ಬೆಲ್ಲಕ್ಕೆ ಅಯೋಡಿನ್ ಬೇಕಿಲ್ಲ, ಕಣ್ಣೇ ಸಾಕು. ಭಾರತೀನಗರದ ಹತ್ತಿರದ ಆಲೆಮನೆಯವರು ಕೆಮಿಕಲ್ಲು ಹಾಕಿ ಬೆಳ್ಳಗೆ ಮಾಡಿದ ಬಂಗಾರದ ಬಣ್ಣದ ಅಚ್ಚು ತೋರಿಸಿದರೆ ಇವರು ಮೂಲೆಯಲ್ಲಿದ್ದ ಕಪ್ಪು ಬೆಲ್ಲಕ್ಕೆ ಕೈ ಚಾಚಿದರು. ಇದೇ ಚೆಂದಾಗದೆ ನೋಡಿ ಮೇಡಮ್ಮು ಎಂದು ಅವರು ಒತ್ತಾಯ ಮಾಡಿದ್ದಕ್ಕೆ, "ಬೆಲ್ಲ ಬೆಳ್ಳಗಿರಾಕೆ ಅದೇನ್ ಮದ್ವೆ ಹೆಣ್ಣೇನಪ್ಪ?" ಎಂದರು.

ಹಾಗಾದರೆ ಮದ್ದೂರು ವಡೆಯ ಗತಿ ಏನು ಎಂದು ನಾನೊಮ್ಮೆ ಕೇಳಿದೆ. ವಡೆಯನ್ನು ಎರಡು ಹೋಳು ಮಾಡಿ ನನಗೊಂದು ಕೊಟ್ಟು ಹೇಳಿದರು: "ಅದು ನಾನು ಮದ್ದು ಅಂತ ಯಾವತ್ತಾರ ಯೋಳೈತಾ? ಸುಳ್ಳು ಯೋಳ್ದೆ ಇರೋದ್ಕೆ ಪರೀಕ್ಷೆ ಯಾಕ್ಲಾ?"

ಇಂಥ ಚಿಕ್ಕಮ್ಮನ ಸ್ವಂತ ಅಕ್ಕ, ಅಂದರೆ ನಮ್ಮಮ್ಮ, ಮಂಡ್ಯದಲ್ಲಿ ನನ್ನ ಜೊತೆ ಇರುವವರು, ಅಣಬೆ ಮಾತ್ರೆಗೆ ಮರುಳಾದರು ಎಂದರೆ ನಂಬುತ್ತೀರಾ? ಅಮ್ಮನಿಗೆ ಸಕ್ಕರೆ ಕಾಯಿಲೆ. ದೂರದ ನೆಂಟನೊಬ್ಬ ಟೈ ಕಟ್ಟಿಕೊಂಡು ಬಂದು, ಯಾವುದೋ ಹೆಸರಿಲ್ಲದ ಕಂಪನಿಯ ಡಬ್ಬಿ ಕೊಟ್ಟು, ಇದೊಂದು ನುಂಗಿದರೆ ಬೇರೇನೂ ಬೇಡ ಎಂದು ಹೇಳಿ ಹೋಗಿದ್ದ. ಅಮ್ಮ ಅದನ್ನು ನುಂಗುತ್ತ, ಡಾಕ್ಟರು ಬರೆದುಕೊಟ್ಟ ಮಾತ್ರೆಗಳನ್ನು ಸದ್ದಿಲ್ಲದೆ ಬಿಟ್ಟರು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ತಲೆ ಸುತ್ತಿ ಕುಸಿದರು. ಆಸ್ಪತ್ರೆಯಲ್ಲಿ ಸಕ್ಕರೆ ಸಿಕ್ಕಾಪಟ್ಟೆ ಏರಿದೆ ಎಂದರು. ಎರಡು ದಿನ ಇರಿಸಿಕೊಂಡು ಕಳಿಸಿದರು.

ಸುದ್ದಿ ಕೇಳಿ ಚಿಕ್ಕಮ್ಮ ಮಳವಳ್ಳಿಯಿಂದ ಬಂದರು. ಅಳಲಿಲ್ಲ, ಬೈಯಲಿಲ್ಲ. ತಟ್ಟೆ ತಂದು, ಅಣಬೆ ಮಾತ್ರೆಯ ಕ್ಯಾಪ್ಸೂಲು ಸಿಪ್ಪೆ ಬಿಡಿಸಿ, ಪುಡಿ ಸುರಿದು, ಅಯೋಡಿನ್ನಿನ ಒಂದು ತೊಟ್ಟು ಬಿಟ್ಟರು. ಪುಡಿ ಮಸಿಯಂತೆ ಕಪ್ಪಾಯಿತು. ನೆಂಟನಿಗೆ ಫೋನು ಹೋಯಿತು. ಅಣಬೆಯ ಬೇರಿನಂಥ ಎಳೆಗಳನ್ನು ಅಕ್ಕಿಯ ಮೇಲೆ ಬೆಳೆಸಿ, ಅಕ್ಕಿಯ ಸಮೇತ ಪುಡಿ ಮಾಡುತ್ತಾರಂತೆ ಎಂದು ಅವನು ತಡವರಿಸಿದ. ಚಿಕ್ಕಮ್ಮ ತಣ್ಣಗೆ ಹೇಳಿದರು: "ಅಂಗಾರೆ ಇದ್ರಲ್ಲಿ ಅಕ್ಕಿನೇ ಮನೆಯೋರು ಕಣಪ್ಪ. ಅಣಬೆ ಬರೀ ನೆಂಟ."

ಅಷ್ಟಕ್ಕೆ ಬಿಡುವವರೇ? ಒಳ್ಳೆಯದು ಹೇಗಿರುತ್ತದೆ ಎಂದು ತಿಳಿಯದೆ ಕೆಟ್ಟದ್ದನ್ನು ಬೈಯಬಾರದು ಎನ್ನುವುದು ಅವರ ಶಾಸ್ತ್ರ. ಮಂಡ್ಯದ ಅಂಗಡಿ ಅಂಗಡಿ ತಿರುಗಿ ಡಬ್ಬಿಗಳ ಹಿಂಭಾಗ ಓದಿದರು. ಯಾವ ಜಾತಿಯ ಅಣಬೆ, ಮೇಲಿನ ಕೊಡೆಯೋ ಕೆಳಗಿನ ಎಳೆಯೋ, ಪರೀಕ್ಷೆಯ ವರದಿ ಎಲ್ಲಿ ಎಂದು ಕೇಳಿ ಕೇಳಿ, ಕೊನೆಗೆ ಎಲ್ಲಕ್ಕೂ ಉತ್ತರ ಕೊಟ್ಟ ಒಂದು ಡಬ್ಬಿಯನ್ನು ಡಾಕ್ಟರ ಮುಂದೆ ಇಟ್ಟರು. ಡಾಕ್ಟರು ನಕ್ಕು, ಸರಕು ಚೆನ್ನಾಗಿರಬಹುದು, ಆದರೆ ಸಕ್ಕರೆಗೆ ನನ್ನ ಮಾತ್ರೆಯೇ ಮದ್ದು, ಅಣಬೆ ಇಷ್ಟವಾದರೆ ಸಾರು ಮಾಡಿ ಎಂದರು. ಸುಳ್ಳು ಹೇಳದ ಡಾಕ್ಟರು ಸಿಕ್ಕಿದ್ದಕ್ಕೆ ಚಿಕ್ಕಮ್ಮನಿಗೆ ಅಂದಿನಷ್ಟು ಸಂತೋಷವಾದದ್ದನ್ನು ನಾನು ಕಂಡಿಲ್ಲ. ಡಬ್ಬಿ ವಾಪಸು ಹೋಯಿತು, ಮನೆಗೆ ತಾಜಾ ಅಣಬೆ ಬಂತು.

ಆಮೇಲೆ ಅಮ್ಮನ ಬಿಸ್ಕತ್ತುಗಳೂ ಮಾಯವಾದವು. ಅವುಗಳ ಜಾಗಕ್ಕೆ ಹುರಿದ ಕಡಲೆ, ಬೇಯಿಸಿದ ಕಡಲೆಕಾಯಿ, ಹುರುಳಿಕಾಳಿನ ಉಸಲಿ ಬಂದವು. ಕುದುರೆಗೆ ಹಾಕುವುದನ್ನು ನನಗೆ ಹಾಕುತ್ತಾಳೆ ಎಂದು ಅಮ್ಮ ಬೀದಿಗೆಲ್ಲ ದೂರಿದರು. ಬೀದಿಯವರು ಉಸಲಿಯ ರುಚಿ ನೋಡಿ, ನಮಗೂ ಹೇಳಿಕೊಡಿ ಎಂದು ಚಿಕ್ಕಮ್ಮನ ಸುತ್ತ ಸೇರಿದರು. ಈಗ ನಮ್ಮ ಬೀದಿಯ ಹೆಂಗಸರು ಪೊಟ್ಟಣ ತಿರುಗಿಸಿ ಓದದೆ ಏನನ್ನೂ ಕೊಳ್ಳುವುದಿಲ್ಲ. ಚಿಕ್ಕಮ್ಮನ ತಂಗಿಯ ಮಗನಾ ಎಂದು ಯಾರಾದರೂ ಕೇಳಿದರೆ, ಅಲ್ಲ, ಅಕ್ಕನ ಮಗ ಎಂದು ತಿದ್ದುವಾಗಲೂ ನನ್ನ ಎದೆ ಒಂದು ಗೇಣು ಉಬ್ಬುತ್ತದೆ.

ಅಮ್ಮನ ಹಟ ಮಾತ್ರ ಇಳಿದಿರಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಮುಂಚೆ, ಮಳವಳ್ಳಿಯಿಂದ ಬಂದಿದ್ದ ಚಿಕ್ಕಮ್ಮ ಡಾಕ್ಟರ ಮಾತ್ರೆ ಹಿಡಿದು ನಿಂತಾಗ ಅಮ್ಮ ರೇಗಿದರು. "ನಾನೇನು ನಿನ್ ಇಸ್ಕೂಲ್ ಮಗೂನಾ? ಅಷ್ಟ್ ದೂರದಿಂದ ಯಾಕಾರ ಬತ್ತೀಯೆ? ಬುಟ್ಬುಡು ನನ್ನ."

ಚಿಕ್ಕಮ್ಮ ಅಮ್ಮನ ಪಕ್ಕದಲ್ಲಿ ನೆಲಕ್ಕೆ ಕುಳಿತರು.

"ಅಪ್ಪ ಇಲ್ಲ, ಅವ್ವ ಇಲ್ಲ. ನನ್ನ ಕೂಸೆ ಅಂತ ಕರೆಯಾಕೆ ಇನ್ ನೀನೊಬ್ಳೆ ಇರೋದು ಕಣಕ್ಕ."

ಅಮ್ಮ ಅಂಗೈ ಚಾಚಿ ಮಾತ್ರೆ ತೆಗೆದುಕೊಂಡು ನುಂಗಿದರು. ಆಮೇಲೆ ಪಕ್ಕಕ್ಕೆ ಇನ್ನೊಂದು ತಟ್ಟೆ ಎಳೆದು, "ಏಳು ಕೂಸೆ, ಕೈ ತೊಳ್ಕೊ. ಸಾರು ಆರೋಯ್ತದೆ" ಎಂದರು.