ಗಡಿಕಲ್ಲಿಗೆ ಕಟ್ಟಿದ ಎತ್ತಿನ ಬಾಬ್ತು

ಗಡಿಯಾಚೆ ವ್ಯಾಪಾರದ ತಕರಾರುಗಳ ಕಛೇರಿ, ಮಧುಗಿರಿ
ಸುತ್ತೋಲೆ ನಂಬರು: ಗ.ವ್ಯಾ.ತ. 41/ಎತ್ತು/1927-28
ತಾರೀಖು: 22ನೇ ಆಗಸ್ಟ್ 1927

ವಿಷಯ: ಸಂಸ್ಥಾನದ ಸೀಮೆಗೂ ಇಂಗ್ಲಿಷ್ ಸರ್ಕಾರದ ಸೀಮೆಗೂ ನಡುವೆ ಹುಟ್ಟುವ ವ್ಯಾಪಾರದ ವ್ಯಾಜ್ಯಗಳನ್ನು ಪಂಚರ ಮುಖಾಂತರ ತೀರಿಸುವ ಕ್ರಮ, ತತ್ಸಂಬಂಧ ಕೆಂಪ ಎಂಬ ಎತ್ತು.

ಉಲ್ಲೇಖ:
(ಅ) ಪಾವಗಡ ತಾಲ್ಲೂಕಿನ ಕರಿಬಸಮ್ಮ ಕೋಂ ದಿವಂಗತ ಮಹಾಲಿಂಗಯ್ಯ ಇವರ ಅರ್ಜಿ.
(ಆ) ಮಡಕಶಿರಾ ಸೀಮೆಯ ಸಂಜೀವಯ್ಯ ಬಿನ್ ರಂಗಯ್ಯ ಇವರ ತಕರಾರು.
(ಇ) ಸದರಿ ಎತ್ತು ಯಾರೂ ಕರೆಯದೆ ತಾನಾಗಿ ಹಾಜರಾದ ಬಗ್ಗೆ ಪಟೇಲರ ವರದಿ (ಮೂರು ಬಾರಿ).

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಸಮಸ್ತ ಶೇಕದಾರರು, ಪಟೇಲರು, ಶಾನುಭೋಗರು ಹಾಗೂ ದನವುಳ್ಳ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ:

1. ಜೋಡಿಯಲ್ಲಿ ಒಂದು ಸತ್ತು ಒಂಟಿಯಾದ ಕೆಂಪನನ್ನು ಕರಿಬಸಮ್ಮನವರು ಗಡಿಯಾಚೆಯ ಸಂಜೀವಯ್ಯನವರಿಗೆ ಮಾರಿದ್ದು ಸರಿಯಷ್ಟೆ. ಆದರೆ ದನ ಕೊಟ್ಟರೂ ಕಣ್ಣಿ ಕೊಡಬಾರದು, ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿ ಅದರ ಹಿಂದೆಯೇ ನಡೆದುಬಿಡುತ್ತಾಳೆ ಎಂಬ ಮನೆತನದ ಪದ್ಧತಿಯಂತೆ, ಕೊರಳ ಹಗ್ಗವಾದ ಕಣ್ಣಿಯನ್ನು ಬಿಚ್ಚಿ ಗೂಟಕ್ಕೆ ನೇತುಹಾಕಿಕೊಂಡರು. ಎತ್ತು ಮೂರು ಸಲ ಗಡಿ ದಾಟಿಹೋಗಿ, ಮೂರು ಸಲವೂ ಹಳೆಯ ಗೂಟದ ಮುಂದೆ ಬಂದು ನಿಂತಿತು. ಕಣ್ಣಿ ಕೈಸೇರದ ಹೊರತು ಮಾಲು ಕೈಸೇರಿದಂತಲ್ಲವೆಂದು ಕೊಂಡವರ ವಾದ. ಕಣ್ಣಿ ಮಾಲೇ ಅಲ್ಲವೆಂದು ಮಾರಿದವರ ವಾದ. ನಮ್ಮ ಕೋರ್ಟಿನ ತೀರ್ಪು ಅವರಿಗೆ ತಾಗದು, ಅವರದು ನಮಗೆ ತಾಗದು. ಆದ್ದರಿಂದ ಪಂಚರನ್ನು ಕೂರಿಸಲಾಯಿತು.

2. ಪಕ್ಷಕ್ಕೊಬ್ಬರಂತೆ ಇಬ್ಬರು ಪಂಚರೂ, ಎರಡೂ ಕಡೆಗೆ ಸಂಬಂಧವಿಲ್ಲದ ಮೂರನೆಯವರೊಬ್ಬರೂ ಇರತಕ್ಕದ್ದು. ಈ ಮೂರನೆಯವರಿಗಾಗಿ ನಾಲ್ಕು ತಾಲ್ಲೂಕುಗಳನ್ನು ಜಾಲಾಡಲಾಯಿತು. ಕೊರಟಗೆರೆಯಲ್ಲಿ ಸಿಕ್ಕವರು ಕರಿಬಸಮ್ಮನವರ ಸೋದರತ್ತೆಯ ಮೈದುನ. ಬಡವನಹಳ್ಳಿಯ ದೊಡ್ಡರಂಗಪ್ಪನವರು ಯಾರಿಗೂ ಏನೂ ಅಲ್ಲವೆಂದು ನೇಮಕವಾದ ಆರನೇ ದಿನ ಅವರ ಮಗಳನ್ನು ಸಂಜೀವಯ್ಯನವರ ಭಾಮೈದನಿಗೆ ನಿಶ್ಚಯಿಸಲಾಯಿತು; ಕಛೇರಿಯು ಈ ಸಂಬಂಧಕ್ಕೆ ತನ್ನ ಆಕ್ಷೇಪಣೆಯನ್ನು ಊಟವಾದ ಮೇಲೆ ಸಲ್ಲಿಸಿದೆ. ಕಡೆಗೆ ಹುಲಿಕುಂಟೆಯ ಅಡವಯ್ಯನವರು, ಎರಡೂ ಕಡೆಯವರೊಡನೆ ಒಂದೇ ಸಮನಾಗಿ ಮಾತು ಬಿಟ್ಟಿರುವ ಕಾರಣ, ಪಕ್ಷಪಾತವಿಲ್ಲದವರೆಂದು ಮನಗಾಣಲಾಗಿದೆ.

3. ಮಾತು ಬಿಟ್ಟವರು ತೀರ್ಪನ್ನು ಹೇಗೆ ಹೇಳಬೇಕೆಂಬ ಪ್ರಶ್ನೆ ಬಂದಿದ್ದು, ಅಡವಯ್ಯನವರು ಅದನ್ನು ಎತ್ತಿಗೆ ಹೇಳತಕ್ಕದ್ದೆಂದು ನಿರ್ಣಯಿಸಲಾಗಿದೆ. ಪಕ್ಷಗಾರರು ಪಕ್ಕದಲ್ಲಿ ನಿಂತು, ತಮಗಲ್ಲವೆಂಬಂತೆ ಕೇಳಿಸಿಕೊಳ್ಳತಕ್ಕದ್ದು.

4. ತೀರ್ಪಾಗುವವರೆಗೆ ಎತ್ತು ಯಾವ ಸೀಮೆಯಲ್ಲಿಯೂ ಇರಕೂಡದಾದ್ದರಿಂದ ಅದನ್ನು ಗಡಿಕಲ್ಲಿಗೆ, ಮುಂಗಾಲು ಇಂಗ್ಲಿಷ್ ಸೀಮೆಯಲ್ಲಿಯೂ ಹಿಂಗಾಲು ಸಂಸ್ಥಾನದಲ್ಲಿಯೂ ಇರುವಂತೆ ಕಟ್ಟಲಾಗಿತ್ತು. ಇದರಿಂದ ಮೇವು ಆ ಕಡೆಯದು, ಸಗಣಿ ಮಾತ್ರ ಈ ಕಡೆಗೆ ಎಂದು ಮಡಕಶಿರಾ ರೈತರು ಅಹವಾಲು ಸಲ್ಲಿಸಿದ್ದು ನ್ಯಾಯವೆಂದು ಕಂಡುಬಂದಿದೆ. ಅಂದಿನಿಂದ ಪ್ರತಿದಿನ ಮಧ್ಯಾಹ್ನ ಹನ್ನೆರಡು ಗಂಟೆಗೆ ಸರಿಯಾಗಿ ಎತ್ತನ್ನು ತಿರುಗಿಸಿ ಕಟ್ಟತಕ್ಕದ್ದೆಂದು ಆಜ್ಞೆ ಹೊರಟಿತು. ತಿರುಗಿಸುವಾಗ ಹಾಕಿದ ಸಗಣಿಯನ್ನು ಉಭಯ ಶಾನುಭೋಗರು ಮಹಜರು ಮಾಡುವವರೆಗೆ ಯಾರೂ ಮುಟ್ಟತಕ್ಕದ್ದಲ್ಲ.

5. ವಿಚಾರಣೆಯು ಸೋಮವಾರ ಕನ್ನಡದಲ್ಲಿ, ಗುರುವಾರ ತೆಲುಗಿನಲ್ಲಿ ನಡೆಯತಕ್ಕದ್ದು. ಸಾಕ್ಷಿದಾರರು ಒಂದೇ ವಾಕ್ಯದಲ್ಲಿ ಎರಡನ್ನೂ ಬಳಸಿದಲ್ಲಿ ಬರೆಯುವವರು ಅಲ್ಲಿಗೇ ನಿಲ್ಲಿಸಿ ಲೇಖನಿಯನ್ನು ಪಕ್ಕದವರಿಗೆ ದಾಟಿಸತಕ್ಕದ್ದು. ಸಂಜೀವಯ್ಯನವರು "ಏಂ ಚೇಸೇದಿ ಸ್ವಾಮಿ, ನಾನು ಹೊಡ್ಕೊಂಡ್ ಹೋಗ್ತೀನಿ, ತೆಲ್ಲಾರೇಸರಿಕಿ ಆಯಮ್ಮನ ಹಟ್ಟಿ ಮುಂದೆ ನಿಂತಿರ್ತೈತೆ" ಎಂದು, ಅಂದರೆ ಬೆಳಗಾಗುವಷ್ಟರಲ್ಲಿ ಎತ್ತು ಮರಳಿರುತ್ತದೆಂದು, ಹೇಳಿಕೆ ಕೊಟ್ಟಾಗ ಲೇಖನಿ ನಾಲ್ಕು ಸಲ ಕೈ ಬದಲಾಯಿಸಿ, ಕೊನೆಗೆ ಮಸಿಕುಡಿಕೆ ಉರುಳಿದೆ.

6. ಕರಿಬಸಮ್ಮನವರು ದಿನಕ್ಕೆ ಮೂರು ಮೈಲಿ ನಡೆದು ಬಂದು ಎತ್ತಿನ ಕೊರಳಡಿಯ ಗಂಗೆದೊಗಲು ಸವರುತ್ತಿದ್ದುದು ಕಛೇರಿಯ ಗಮನಕ್ಕೆ ಬಂದಿತ್ತು. ಇದು ಸಾಕ್ಷ್ಯವನ್ನು ಕೆಡಿಸಿದಂತಾಗುವುದರಿಂದ ನಿಷೇಧಿಸಲಾಗಿತ್ತು. ಎತ್ತಿನ ಪಕ್ಕೆಲುಬು ಎಣಿಸುವಂತಾಗಿದೆ ಎಂದು ಅವರು ಅತ್ತುಕೊಂಡು ಹೇಳಿದ್ದನ್ನು ದಾಖಲಿಸಲಾಗಿದೆ. "ನನ್ನ ಹಟ್ಟಿಗೇ ಬರ್ಲಿ ಅಂತ ಕೇಳ್ತಿಲ್ಲ ಬುದ್ಧಿ. ಯಾರ್ದಾದ್ರೂ ಸರಿ, ಒಂದು ಸೂರಿನಡಿ ಕಟ್ಬುಡಿ. ಬಯಲಾಗೆ ನಿಲ್ಲಿಸ್ಬ್ಯಾಡಿ" ಎಂಬ ಅವರ ಕೋರಿಕೆಯನ್ನು ಮುಂದಿನ ತಿಂಗಳ ಬೈಠಕ್ಕಿಗೆ ಇಡಲಾಗಿತ್ತು.

7. ಇದೇ 11ನೇ ತಾರೀಖು ಗುರುವಾರ ಮಧ್ಯಾಹ್ನ, ಒಂಬತ್ತನೇ ಬೈಠಕ್ಕಿನಲ್ಲಿ ಮಳೆ ಹಿಡಿಯಿತು. ಪಂಚರು ಕೊಡೆ ಬಿಚ್ಚಿದರು. ಎತ್ತಿನ ಒಡೆಯರು ಯಾರೆಂದು ತೀರ್ಮಾನವಾಗದ ಕಾರಣ ಅದಕ್ಕೆ ಕೊಡೆ ಮಂಜೂರಾಗಲಿಲ್ಲ. ಸುರಿಯುತ್ತಿದ್ದ ಮಳೆ ಯಾವ ಸರ್ಕಾರದ್ದೆಂದು ಪಂಚರಲ್ಲಿ ವಾದವೆದ್ದು, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಂದು ತಾಸು ನಡೆಯಿತು. ಕರಿಬಸಮ್ಮನವರು ಎದ್ದು ಹೋಗಿ, ಮಡಿಲಿನಿಂದ ಕಣ್ಣಿಯನ್ನು ತೆಗೆದು ಎತ್ತಿನ ಕೊರಳಿಗೆ ಹಾಕಿ, ತುದಿಯನ್ನು ಸಂಜೀವಯ್ಯನವರ ಕೈಗೆ ಕೊಟ್ಟರು. "ಏಳು ತಲೆಯಿಂದ ಯಾರಿಗೂ ಕೊಟ್ಟಿದ್ದಲ್ಲ ಕಣಪ್ಪ. ಲಕ್ಷ್ಮಿ ಹೋದ್ರೆ ಹೋಗ್ಲಿ ಬುಡು. ಅದು ನೆನೀತಾ ಐತೆ, ಹೊಡ್ಕೊಂಡ್ ಹೋಗು" ಎಂದರು. ಪಂಚರು ಮಳೆಯ ಬಗ್ಗೆ ಒಮ್ಮತಕ್ಕೆ ಬಂದು ತಲೆಯೆತ್ತಿ ನೋಡುವಷ್ಟರಲ್ಲಿ ಕಲ್ಲಿನ ಬಳಿ ಎತ್ತಿರಲಿಲ್ಲ.

8. ಬೈಠಕ್ಕಿನಲ್ಲಿದ್ದ ಗುಮಾಸ್ತೆ ನಾಗಲಿಂಗಯ್ಯನವರು, ಕರಿಬಸಮ್ಮನವರು ಬರಿಗೈಯಲ್ಲಿ ಮನೆಗೆ ಹೋದರೆಂದೂ ಅದನ್ನು ಕಂಡು ತಮಗೂ ಕಣ್ಣೀರು ಬಂತೆಂದೂ ವರದಿ ಮಾಡಿದ್ದಾರೆ. ಸದರಿ ಕಣ್ಣೀರು ಯಾವ ಸೀಮೆಯಲ್ಲಿ ಬಂತೆಂಬುದನ್ನು ನಮೂದಿಸಿಲ್ಲ, ವಿವರಣೆ ಕೇಳಲಾಗಿದೆ.

9. ಪಂಚರ ಅಪ್ಪಣೆಯಿಲ್ಲದೆ ಪಕ್ಷಗಾರರು ತಾವು ತಾವೇ ರಾಜಿಯಾಗುವುದು ಈ ಕಛೇರಿಯ ಅಸ್ತಿತ್ವಕ್ಕೆ ಧಕ್ಕೆ ತರುವ ವಿಚಾರವಾದ್ದರಿಂದ ಇದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ವ್ಯಾಜ್ಯವು ಮುಗಿದಿದ್ದರೂ ವಿಚಾರಣೆ ಮುಗಿಯದಿರುವ ಕಾರಣ, ಎತ್ತಿನ ಜಾಗದಲ್ಲಿ ನಾಗಲಿಂಗಯ್ಯನವರು ನಿಲ್ಲತಕ್ಕದ್ದು. ಅವರನ್ನೂ ಮಧ್ಯಾಹ್ನ ಹನ್ನೆರಡಕ್ಕೆ ತಿರುಗಿಸತಕ್ಕದ್ದು.

10. ಎತ್ತು ನಾಲ್ಕನೇ ಬಾರಿ ಮರಳಿ ಬಂದಿಲ್ಲ. ಮೊದಲ ಮೂರು ದಿನ ಕರಿಬಸಮ್ಮನವರು ಬೆಳಕು ಹರಿಯುತ್ತಲೇ ಬಾಗಿಲು ತೆಗೆದು ನೋಡಿದರೆಂದು ಪಟೇಲರು ತಿಳಿಸಿದ್ದಾರೆ. ಈ ಬಗ್ಗೆ ಕಛೇರಿಯಿಂದ ಕ್ರಮವೇನೂ ಇಲ್ಲ.

(ಸಹಿ) ಚನ್ನಮಲ್ಲಯ್ಯ
ಮೇಲ್ಕಂಡ ಕಛೇರಿಯ ಮುಖ್ಯಸ್ಥರು ಹಾಗೂ, ನಾಗಲಿಂಗಯ್ಯನವರು ಕಲ್ಲಿನ ಬಳಿ ಇರುವುದರಿಂದ, ಗುಮಾಸ್ತೆ

ನಕಲುಗಳು:
- ನಾಲ್ಕೂ ತಾಲ್ಲೂಕುಗಳ ಅಮಲ್ದಾರರಿಗೆ, ಮಾಹಿತಿಗಾಗಿ.
- ಅಡವಯ್ಯನವರಿಗೆ, ಹುಲಿಕುಂಟೆ. ಈ ಕಛೇರಿಯೊಡನೆಯೂ ಮಾತು ಬಿಟ್ಟಿರುವುದರಿಂದ ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಬರುವುದು.
- ಗುಮಾಸ್ತೆ ನಾಗಲಿಂಗಯ್ಯನವರಿಗೆ, ಆ ದಿನ ಅವರ ಮುಖ ಯಾವ ಸೀಮೆಯ ಕಡೆಗಿದೆಯೋ ಆ ಸೀಮೆಯ ಮುಖಾಂತರ.
- ಸಂಜೀವಯ್ಯನವರಿಗೆ, ಮಡಕಶಿರಾ ಸೀಮೆ.
- ಕರಿಬಸಮ್ಮನವರಿಗೆ. ಮನೆಯಲ್ಲಿ ಸಿಗದಿದ್ದಲ್ಲಿ, ಅವರು ಕೆಂಪನಿಗೆ ಬೆಳಗಿನ ಹುಲ್ಲು ಹಾಕುವ ವೇಳೆಗೆ ಸಂಜೀವಯ್ಯನವರ ಕೊಟ್ಟಿಗೆಯಲ್ಲಿ ಜಾರಿ ಮಾಡತಕ್ಕದ್ದು.