ಪುಟ್ಟಮಲ್ಲಪ್ಪನವರಿಗೆ ಜೆಟ್ ಲ್ಯಾಗ್ ಆಗಲಿಲ್ಲ

ವಿಮಾನದಲ್ಲಿ ದೂರದೇಶಕ್ಕೆ ಹೋದವರ ನಿದ್ದೆಯ ಹೊತ್ತು ತಪ್ಪಿಸುವ ಜೆಟ್ ಲ್ಯಾಗ್ ಎಂಬ ಕಾಯಿಲೆಯನ್ನು ಪುಟ್ಟಮಲ್ಲಪ್ಪನವರು ನಂಬುತ್ತಿರಲಿಲ್ಲ. ಅದು ಮೈಗಳ್ಳರು ಕಂಡುಹಿಡಿದುಕೊಂಡ ಕಾಯಿಲೆ ಎಂಬುದು ಅವರ ಖಚಿತ ಅಭಿಪ್ರಾಯ. ಈ ಅಭಿಪ್ರಾಯ ಅವರಿಗೆ ಬಂದದ್ದು ವೈದ್ಯರಿಂದಲ್ಲ, ಹೆಂಡತಿಯ ಅಣ್ಣ ಗುರುಮಲ್ಲಪ್ಪನಿಂದ.

ಕೆ.ಆರ್. ನಗರದಲ್ಲಿ ಅಕ್ಕಿ ಗಿರಣಿ ನಡೆಸುವ ಗುರುಮಲ್ಲಪ್ಪ ಎರಡು ವರ್ಷದ ಹಿಂದೆ ಕೆನಡಾ ಪ್ರವಾಸ ಮಾಡಿ ನಯಾಗರಾ ಜಲಪಾತ ನೋಡಿಕೊಂಡು ಬಂದರು. ನೋಡಿಕೊಂಡು ಬಂದು ಸುಮ್ಮನಿದ್ದಿದ್ದರೆ ಯಾರದೇನು ತಕರಾರು? ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲ ಕಡೆಯೂ ಅದೇ ಪುರಾಣ. ಕಡೆಗೆ ಒಂದು ಸಾವಿನ ಮನೆಯ ಶಿವಗಣಾರಾಧನೆಯ ಪಂಕ್ತಿಯಲ್ಲಿ, ಪಾಯಸ ಬಡಿಸುವವನನ್ನೂ ನಿಲ್ಲಿಸಿಕೊಂಡು ಶುರು ಮಾಡಿದರು.

"ದೋಣೀಲಿ ಜಲಪಾತದ ಬುಡಕ್ಕೇ ಕರ್ಕೊಂಡೋಯ್ತಾರೆ ಕಣಯ್ಯ. ಮೈಯೆಲ್ಲ ನೆಂದೋಯ್ತದೆ. ಅದು ಬುಡು, ಆ ಜೆಟ್ ಲ್ಯಾಗ್ ಬತ್ತದಲ್ಲ, ಅದನ್ನ ತಡ್ಕೊಳ್ಳಕ್ಕೆ ಗುಂಡಿಗೆ ಬೇಕು. ನಿನ್ನಂಥೋರ ಕೈಲಾಗಲ್ಲ."

ನಿನ್ನಂಥೋರ ಕೈಲಾಗಲ್ಲ. ಪುಟ್ಟಮಲ್ಲಪ್ಪನವರ ಪಾಯಸ ಅಲ್ಲೇ ಎಲೆಯ ಮೇಲೆ ಉಳಿಯಿತು. ಯಾರಿಗೆ ಹೇಳಬೇಕಾದ ಮಾತು ಇದು? ಹಾರನಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆದು ಕೂದಲು ನೆರೆಸಿಕೊಂಡವರಿಗೆ? ಹದ ಮಾಡಲು ಸೊಪ್ಪು ತೂಗುಹಾಕಿದ ಬ್ಯಾರನ್ ಎಂಬ ಮನೆಗೆ ಹೊರಗಿನ ಒಲೆಯಿಂದ ಹಗಲೂ ರಾತ್ರಿ ಸೌದೆ ತಳ್ಳುತ್ತ, ಶಾಖ ಏರದಂತೆ, ಇಳಿಯದಂತೆ ಕಾಯಬೇಕು. ಕಾಯುವವನು ತೂಕಡಿಸಿದರೆ ವರ್ಷದ ದುಡಿಮೆ ಕಪ್ಪಗಾಗುತ್ತದೆ. ಹೀಗೆ ಕಾದೂ ಕಾದೂ ಪುಟ್ಟಮಲ್ಲಪ್ಪನವರಿಗೆ ಆಕಾಶ ನೋಡಿ ಹೊತ್ತು ಹೇಳುವ ವಿದ್ಯೆ ಸಿದ್ಧಿಸಿತ್ತು. ಊರಿನಲ್ಲಿ ಯಾರದಾದರೂ ಗಡಿಯಾರ ನಿಂತರೆ ಇವರನ್ನೇ ಕೇಳುತ್ತಿದ್ದರು (ಈಗ ಎಲ್ಲರ ಹತ್ತಿರ ಮೊಬೈಲಿದೆ, ಕೇಳುವುದಿಲ್ಲ, ಆ ಸಿಟ್ಟೂ ಅವರಿಗಿತ್ತು).

"ಬ್ಯಾರನ್ ಕಾಲದಲ್ಲಿ ನಾನು ಆರನಳ್ಳೀಲಿ ಕೂತ್ಕಂಡೇ ಅಮೆರಿಕಾದ ಟೈಮಲ್ಲಿ ಬದುಕೋನು. ನಂಗೆ ಜೆಟ್ ಲ್ಯಾಗಾ? ನಿಮ್ಮಣ್ಣಂಗೆ ಹೇಳು, ಹೋಗಿ ನೆಂದ್ಕಂಡು ಬತ್ತೀನಿ" ಎಂದು ಹೆಂಡತಿ ಶಿವನಂಜಮ್ಮನವರಿಗೆ ಘೋಷಿಸಿದರು.

ಹುಣಸೂರಿನ ಹೈಸ್ಕೂಲಿನಲ್ಲಿ ಟೀಚರಾಗಿರುವ ಮಗಳು ಮಧುಶ್ರೀಗೆ ದಸರಾ ರಜೆ ಬಂತು. ಅಷ್ಟರಲ್ಲಿ ಕೊನೆಯ ಬ್ಯಾರನ್ನಿನ ಒಲೆಯೂ ಆರಿತ್ತು. ಮೂವರೂ ಹೊರಟರು. ಪ್ರವಾಸದಲ್ಲಿ ನಯಾಗರಾಕ್ಕೆ ಸಿಕ್ಕಿದ್ದು ಒಂದೇ ಒಂದು ದಿನ. ಹೋಟೆಲು ಸೇರಿದ ಮರುದಿನ ಏಳು ಗಂಟೆಗೆ ಬಸ್ಸು ಬಂದು ದೋಣಿಗೆ ಕರೆದೊಯ್ಯುತ್ತದೆ, ಅದರ ಮರುದಿನ ಬೇರೆ ಊರು. ಆ ಬಸ್ಸು ತಪ್ಪಿದರೆ ದೋಣಿ ಇಲ್ಲ, ದೋಣಿ ಇಲ್ಲದಿದ್ದರೆ ಇನ್ನು ಬದುಕಿರುವ ತನಕ ಗುರುಮಲ್ಲಪ್ಪನ ಪುರಾಣಕ್ಕೆ ಉತ್ತರವಿಲ್ಲ.

ವಿಮಾನ ಹತ್ತಿದ ಕೂಡಲೇ ಪುಟ್ಟಮಲ್ಲಪ್ಪನವರು ಕೈಗಡಿಯಾರವನ್ನು ಕೆನಡಾದ ಹೊತ್ತಿಗೆ ತಿರುಗಿಸಿಕೊಂಡರು. ಅಲ್ಲಿ ಈಗ ಹಗಲು, ಆದ್ದರಿಂದ ಯಾರೂ ಕಣ್ಣು ಮುಚ್ಚುವಂತಿಲ್ಲ ಎಂದು ಅಪ್ಪಣೆ ಕೊಡಿಸಿದರು. ಶಿವನಂಜಮ್ಮನವರ ತಲೆ ವಾಲಿದಾಗಲೆಲ್ಲ ಭುಜ ಅಲ್ಲಾಡಿಸಿದರು.

"ಮಲಗಬ್ಯಾಡ ಕಣೆ, ಸೊಪ್ಪು ಕೆಟ್ಟೋಯ್ತದೆ."

"ಇಲ್ಯಾವ ಸೊಪ್ಪೈತ್ರೀ? ಬುಡ್ರೀ ನನ್ನ. ಊರಲ್ಲೂ ನಿದ್ದೆ ಕೊಡ್ನಿಲ್ಲ, ಆಕಾಸದಾಗೂ ಕೊಡಲ್ಲ. ನಮ್ಮಣ್ಣ ಅತ್ತಿಗೇನ ಹಿಂಗೆ ಗೋಳಾಡಿಸಿದ್ನಾ?"

ಅಣ್ಣನ ಹೆಸರು ಬಂದ ಮೇಲೆ ಭುಜ ಇನ್ನೂ ಜೋರಾಗಿ ಅಲ್ಲಾಡಿತು.

ಹೋಟೆಲು ಸೇರಿದಾಗ ಅಲ್ಲಿ ನಡುಮಧ್ಯಾಹ್ನ. ಕೌಂಟರಿನಲ್ಲಿದ್ದ ಹುಡುಗಿ ರಾಣಿ, ಎಚ್.ಡಿ. ಕೋಟೆಯ ಕಾಡು ದಾಟಿದರೆ ಸಿಗುವ ಕೇರಳದ ಮಾನಂದವಾಡಿಯವಳು, ಓದಿದ್ದು ಮೈಸೂರಿನಲ್ಲಿ. ಇವರ ಮಾತು ಕೇಳಿ ಅವಳಿಗೆ ಖುಷಿಯಾಯಿತು.

"ಅಂಕಲ್, ರಾತ್ರಿವರೆಗೆ ಮಲಗಬೇಡಿ. ಜೆಟ್ ಲ್ಯಾಗ್ ಉಂಟಾಗುತ್ತೆ" ಎಂದಳು.

"ಅದು ಬೇರೇವ್ರಿಗೆ ಹೇಳಮ್ಮ" ಎಂದು ಮುಖ ಗಂಟಿಕ್ಕಿಕೊಂಡೇ ಅವರು ರೂಮಿಗೆ ಹೋದರು. ಸುಮ್ಮನೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತೇನೆ ಎಂದು ಹಾಸಿಗೆಯ ಮೇಲೆ ಕಾಲು ಚಾಚಿದರು. ಹೆಂಡತಿ, ಮಗಳು ಆಗಲೇ ಕೊರಡಿನಂತೆ ಬಿದ್ದಿದ್ದರು. ಬೆನ್ನು ಹಾಸಿಗೆಗೆ ತಗುಲಿದ್ದಷ್ಟೇ ಅವರಿಗೆ ನೆನಪು.

ಎಚ್ಚರವಾದಾಗ ಕಿಟಕಿಯಲ್ಲಿ ಆಕಾಶ ಕೆಂಪಾಗಿತ್ತು. ಕೈಗಡಿಯಾರ ಏಳಾಗುತ್ತಿದೆ ಎಂದು ತೋರಿಸುತ್ತಿತ್ತು. ಕಂಬಳಿ ಕಿತ್ತೊಗೆದು ಕೂಗಿದರು.

"ಏಳ್ರೇ, ಬಸ್ಸು ಬರೋ ಹೊತ್ತಾಯ್ತು. ಬೆಳಕರೀತು."

ಮಧುಶ್ರೀ ಕಣ್ಣುಜ್ಜಿಕೊಂಡು ಫೋನು ಹುಡುಕಿದಳು. ಅದು ಸತ್ತಿತ್ತು, ಊರಿನ ಚಾರ್ಜರಿನ ಪಿನ್ನು ಅಲ್ಲಿಯ ಗೋಡೆಗೆ ಕೂರುತ್ತಿರಲಿಲ್ಲ. "ಅಪ್ಪಾಜಿ, ಬೆಳಿಗ್ಗೇನಾ ಇದು? ಈಗ ತಾನೇ ಮಲಗಿದ ಹಂಗಿದೆ."

"ಮೂಡಲು ಕೆಂಪಾಗಿರೋದು ಕಾಣಲ್ವಾ?"

"ಅದು ಮೂಡಲು ಅಂತ ಹೇಗೆ ಗೊತ್ತು ನಿಮಗೆ?"

"ಕೆಂಪಾಗೈತಲ್ಲ, ಅದಕ್ಕೆ. ನಂಗೆ ಆಕಾಸ ಓದೋದು ಹೇಳ್ಕೊಡ್ತೀಯಾ?"

ಸ್ನಾನ ಚುಟುಕಾಯಿತು, ಲಿಂಗಪೂಜೆ ಅವಸರದಲ್ಲಾಯಿತು. ಹಣೆಗೆ ವಿಭೂತಿ ಎಳೆಯುತ್ತ, "ಇಡೀ ರಾತ್ರಿ ಮಗ್ಗುಲು ಬದಲಾಯಿಸ್ದೆ ಮಲಗಿದ್ದೀನಿ. ಎಲ್ಲೈತೆ ಜೆಟ್ ಲ್ಯಾಗು? ಕರಿ ನಿಮ್ಮಣ್ಣನ್ನ" ಎಂದರು.

ಕೆಳಗೆ ಬಸ್ಸಿನ ಸುಳಿವಿರಲಿಲ್ಲ. ಪಕ್ಕದ ಊಟದ ಹಾಲಿನಲ್ಲಿ ಜನ ದೊಡ್ಡ ದೊಡ್ಡ ತಟ್ಟೆ ಮುಂದಿಟ್ಟುಕೊಂಡು ವೈನು ಹೀರುತ್ತಿದ್ದರು. ಬೆಳಬೆಳಗ್ಗೆಯೇ ಕುಡಿಯುವ ದೇಶಕ್ಕೆ ಬಂದುಬಿಟ್ಟೆವಲ್ಲ ಎಂದು ಪುಟ್ಟಮಲ್ಲಪ್ಪನವರಿಗೆ ಅಸಹ್ಯವಾಯಿತು. ಕೌಂಟರಿನಲ್ಲಿ ನೋಡಿದರೆ ಅದೇ ರಾಣಿ. ಅವರ ಸಿಟ್ಟು ಒಂದು ಕ್ಷಣ ದಾರಿ ಬದಲಿಸಿತು.

"ಏನಮ್ಮ, ನಿನ್ನೆ ಮಧ್ಯಾಹ್ನದಿಂದ ನಿನ್ನ ಮನೆಗೇ ಬುಟ್ಟಿಲ್ವಾ? ಇವ್ರೇನ್ ಮನುಷ್ಯರಾ? ಕರಿ ನಿಮ್ಮ ಮೇನೇಜರ್ನ, ನಾನ್ ಮಾತಾಡ್ತೀನಿ."

"ನಿನ್ನೆ ಅಲ್ಲ ಅಂಕಲ್..."

"ಅದಿರ್ಲಿ. ಬಸ್ಸೆಲ್ಲಿ? ಏಳಾಯ್ತು."

"ಬಸ್ಸು ನಾಳೆ ಅಂಕಲ್."

ಅಷ್ಟು ಸಾಕಾಯಿತು. ನಾಳೆ ಎಂದರೆ ಮೋಸ, ನಾಳೆ ಎಂದರೆ ವಂಚನೆ, ಹಾರನಹಳ್ಳಿಯವರೆಂದರೆ ಕಿವಿಯ ಮೇಲೆ ಹೂವು ಇಟ್ಟುಕೊಂಡು ಬಂದವರೆಂದು ತಿಳಿದಿದ್ದೀರಾ ಎಂದು ಅವರು ಕೌಂಟರು ಕುಟ್ಟಿ ಕುಟ್ಟಿ ಭಾಷಣ ಬಿಗಿದರು. ಕನ್ನಡ ಬಾರದ ಇಬ್ಬರು ದೊರೆಗಳು ಕೂಡ ಎದ್ದು ನಿಂತು ಕೇಳಿದರು. ಭಾಷಣ ನಡುದಾರಿಯಲ್ಲಿದ್ದಾಗ ಮಧುಶ್ರೀ ಅಪ್ಪನ ಸ್ವೆಟರ್ ಜಗ್ಗಿದಳು.

"ಅಪ್ಪಾಜಿ, ಕತ್ತಲಾಗ್ತಿದೆ."

"ಮೋಡ ಕಣಮ್ಮ."

ಹೊರಗೆ ಬೀದಿದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಪುಟ್ಟಮಲ್ಲಪ್ಪನವರು ದೀಪಗಳನ್ನು ನೋಡಿದರು, ಕೈಗಡಿಯಾರ ನೋಡಿದರು, ರಾಣಿಯನ್ನು ನೋಡಿದರು. ಶಿವನಂಜಮ್ಮನವರು ಸೋಫಾದ ಮೇಲೆ ಕುಸಿದು ಕುಳಿತು, ಸೆರಗು ಬಾಯಿಗೆ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ರಾಣಿ ಒಳ್ಳೆಯ ಹುಡುಗಿ, ನಗಲಿಲ್ಲ. ಚಾರ್ಜರಿಗೆ ಒಂದು ಅಡಾಪ್ಟರ್ ಕೊಟ್ಟು ಕಳಿಸಿದಳು. ಪುಟ್ಟಮಲ್ಲಪ್ಪನವರಿಗೆ ಅವಳು ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಆ ರಾತ್ರಿ ಹೆಂಗಸರಿಬ್ಬರಿಗೂ ಸೊಗಸಾದ ನಿದ್ದೆ. ಮಧ್ಯಾಹ್ನವೇ ನಿದ್ದೆಯನ್ನೆಲ್ಲ ಮುಗಿಸಿದ್ದ ಪುಟ್ಟಮಲ್ಲಪ್ಪನವರು ಮಾತ್ರ ಅವಮಾನವನ್ನು ಮಗ್ಗುಲಿಂದ ಮಗ್ಗುಲಿಗೆ ಹೊರಳಿಸುತ್ತ ಮಲಗಿದ್ದರು. ಕಣ್ಣಿಗೆ ಜೊಂಪು ಹತ್ತುವಷ್ಟರಲ್ಲಿ ಯಾರೋ ಭುಜ ಅಲ್ಲಾಡಿಸಿದರು.

"ಏಳ್ರೀ, ಬಸ್ಸು ಬತ್ತದೆ."

ಒಂದೇ ಕಣ್ಣು ತೆರೆದು ನೋಡಿದರು. ಮಬ್ಬು ಬೆಳಕು. ಕೈಗಡಿಯಾರದಲ್ಲಿ ಅದೇ ಏಳಕ್ಕೆ ಹತ್ತಿರ.

"ಇದು ಸಂಜೆ ಕಣೆ."

"ಬೆಳಿಗ್ಗೆ ಕಣ್ರೀ. ಮಗೀನ ಫೋನಲ್ಲೂ ಬೆಳಿಗ್ಗೆ ಅಂತೈತೆ."

"ನಿನ್ನೆ ನನ್ನ ವಾಚೂ ಹಂಗೇ ಅಂತಿತ್ತು. ಆಕಾಸ ಎಲ್ಲಿ ಕೆಂಪಾಗೈತೆ, ತೋರ್ಸು. ನಾನೊಂದ್ಸಲ ಬೀಳ್ತೀನಿ, ಎಲ್ಡು ಸಲ ಬೀಳಲ್ಲ. ಹೋಗ್ರಿ, ಅವಮಾನ ಮಾಡಿಸ್ಕಂಡು, ದೀಪ ಹತ್ತಿದ ಮ್ಯಾಲೆ ಬನ್ರಿ."

ಮಗಳು ಕಂಬಳಿ ಎಳೆದಳು, ಅವರು ಮರಳಿ ಎಳೆದುಕೊಂಡರು. ಕೆಳಗೆ ಬಸ್ಸು ಹಾರನ್ ಹೊಡೆಯಿತು. ಹೆಂಡತಿ, ಮಗಳು ಕಾದು ಕಾದು ಕಡೆಗೆ ಓಡಿದರು.

ಪುಟ್ಟಮಲ್ಲಪ್ಪನವರು ತೃಪ್ತಿಯಾಗಿ ನಿದ್ದೆ ಮಾಡಿ ಎದ್ದಾಗ ಕಿಟಕಿಯ ಆಕಾಶ ಕೆಂಪಾಗಿತ್ತು. ಹೆಂಡತಿ ಎಬ್ಬಿಸಿದ ಆ ಸಂಜೆ ಆಗಲೇ ಕಳೆದುಹೋಗಿತ್ತು, ಅದಕ್ಕೆ ತಾವೇ ಸಾಕ್ಷಿ. ಅಂದ ಮೇಲೆ ಇದು ನಿಜವಾದ ಬೆಳಗು. ನಿಧಾನವಾಗಿ ಬಿಸಿನೀರು ಸ್ನಾನ ಮಾಡಿದರು, ಸಾವಕಾಶವಾಗಿ ಪೂಜೆ ಮುಗಿಸಿದರು, ವಿಭೂತಿ ಗಟ್ಟಿಯಾಗಿ ಎಳೆದರು. ಮಂಗನ ಟೋಪಿ ಹಾಕಿಕೊಂಡು ಕೆಳಗಿಳಿಯುವ ಹೊತ್ತಿಗೆ ಹೆಂಡತಿ, ಮಗಳು ಹೊರಗಿಂದ ಒಳಗೆ ಬರುತ್ತಿದ್ದರು. ಇಬ್ಬರ ಮೈಮೇಲೂ ಪ್ಲಾಸ್ಟಿಕ್ಕಿನ ಮಳೆಯಂಗಿ, ಜಲಪಾತದ ತುಂತುರಿಗೆ ಕೂದಲು ಇನ್ನೂ ಹಸಿ.

"ಬೆಳಗ್ಗೆ ಬೆಳಗ್ಗೆ ಎಲ್ಲಿ ನೆಂದ್ಕಂಡ್ ಬಂದ್ರಿ? ನೆಗಡಿ ಆಗಲ್ವಾ? ನಡೀರಿ, ಬಸ್ಸು ಬರೋ ಹೊತ್ತು."

ಮಧುಶ್ರೀ ಬಾಗಿಲಿನ ಕಡೆ ಕೈ ತೋರಿಸಿದಳು. ಹೊರಗೆ ಬೀದಿದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಪುಟ್ಟಮಲ್ಲಪ್ಪನವರು ಟೋಪಿ ತೆಗೆದು ಸೋಫಾದ ಮೇಲೆ ಕುಳಿತರು. ಅವರಿಗೆ ನಿಜವಾಗಿಯೂ ದುಃಖವಾಯಿತು. ಶಿವನಂಜಮ್ಮನವರು ಪಕ್ಕದಲ್ಲಿ ಬಂದು ಕುಳಿತರು.

"ದೋಣಿಯಿಂದ ನಮ್ಮಣ್ಣಂಗೆ ವಿಡಿಯೋ ಕಾಲ್ ಮಾಡಿದ್ದೋ ಕಣ್ರೀ. ನಿಮ್ಮನ್ನೇ ಕೇಳ್ತು. ಭಾವ ಎಲ್ಲಿ, ಭಾವ ಎಲ್ಲಿ ಅಂತ."

"ಏನಂದೆ?"

"ನೀರಿನ ಸದ್ದು, ಕೇಳಿಸ್ತಿಲ್ಲ ಅಂತ ತಪ್ಪಿಸ್ಕಂಡೆ. ಊರಲ್ಲಿ ಕೋಳಿ ಕೂಗೋ ಹೊತ್ಗೆ ಎದ್ದು, ಈಗ ಫೋನ್ ಮಾಡ್ತದಂತೆ. ಏನ್ ಹೇಳ್ಲಿ ಹೇಳಿ. ಜೆಟ್ ಲ್ಯಾಗ್ ಆಗಿ ಮಲಗಿದ್ರು ಅನ್ಲಾ, ಇಲ್ಲ ಬೆಳಿಗ್ಗೆ ಯಾವ್ದು ಸಂಜೆ ಯಾವ್ದು ಅಂತ ಆಕಾಸ ನೋಡಿ ಗೊತ್ತಾಗ್ನಿಲ್ಲ ಅನ್ಲಾ?"

ಪುಟ್ಟಮಲ್ಲಪ್ಪನವರು ಟೋಪಿಯ ಅಂಚು ತಿರುಗಿಸಿದರು. ಶಿವನಂಜಮ್ಮನವರ ಚೀಲದಲ್ಲಿ ಫೋನು ರಿಂಗಾಗತೊಡಗಿತು.

"ಜೆಟ್ ಲ್ಯಾಗ್ ಅನ್ನು" ಎಂದರು ತಗ್ಗಿದ ದನಿಯಲ್ಲಿ. ಹೆಂಡತಿ ಫೋನು ಕಿವಿಗಿಡುವಷ್ಟರಲ್ಲಿ ತಡೆದು ಮತ್ತೆ ಹೇಳಿದರು: "ನಿಮ್ಮಣ್ಣಂಗೆ ಬಂದಿತ್ತಲ್ಲ, ಅದಕ್ಕಿಂತ ದೊಡ್ಡದು ಅನ್ನು."